ಆಡೋರು ಯಾರು, ಅಂಗಳ ಯಾರದ್ದು? ಅಮೆರಿಕದ ಕಪ್ಪು ಜನರ ಸಾಧನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಪ್ಪು ಜನರ ಬಗ್ಗೆ ಎಲ್ಲಿ ಮಾತಾಡಿದರೂ, ಏನು ಬರೆದರೂ, ಸುತ್ತಿ ಬಳಸಿ ಇವೇ ಪ್ರಶ್ನೆಗಳು ನನ್ನ ಹತ್ತಿರ ಬರುತ್ತವೆ. ಪತ್ರದಲ್ಲಿ ಕೇಳಿದವರಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು ಕೇಳಿದವರೂ ಇದ್ದಾರೆ. ಅವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಮೊದಲು ಬೇಸಿಕ್

ಅಮೆರಿಕದಲ್ಲಿ "ಮೈನಾರಿಟಿ" ಅಂದರೆ ನಮ್ಮಲ್ಲಿ ಅಲ್ಪಸಂಖ್ಯಾತರು ಅಂತೀವಲ್ಲ, ಹಂಗಾ?

ಅಲ್ಲ. ನಮ್ಮಲ್ಲಿ ಆ ಮಾತು ಬಂದರೆ ತಲೆಗೆ ಹೊಳೆಯೋದು ಧರ್ಮ. ಅಲ್ಲಿ ಹೊಳೆಯೋದು ಮೈಬಣ್ಣ ಮತ್ತು ಮೂಲ. 2020ರ ಜನಗಣತಿಯಲ್ಲಿ ಹಿಸ್ಪಾನಿಕ್ ಜನ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು) ಶೇ 18.7, ಕಪ್ಪು ಜನ ಶೇ 12.4, ಏಷ್ಯಾ ಮೂಲದವರು ಶೇ 6 ಇದ್ದರು. ಹಿಸ್ಪಾನಿಕ್ ಅನ್ನೋದು ಬಣ್ಣವಲ್ಲ, ಆ ಗುಂಪಿನಲ್ಲಿ ಬಿಳಿಯರೂ ಇದ್ದಾರೆ, ಕಪ್ಪು ಜನರೂ ಇದ್ದಾರೆ. ಎಲ್ಲರ ಕಥೆ ಒಂದೇ ಕಡೆ ಹೇಳಲು ಹೋದರೆ ಯಾರ ಕಥೆಯೂ ಸರಿಯಾಗಿ ಹೇಳಿದಂತೆ ಆಗಲ್ಲ. ಅದಕ್ಕೇ ಇಲ್ಲಿ ಹೆಚ್ಚಾಗಿ ಕಪ್ಪು ಜನರ ಬಗ್ಗೆ ಮಾತ್ರ ಬರೆದಿದ್ದೇನೆ.

ನೀಗ್ರೋ ಅನ್ನಬಹುದಾ? ಕರಿಯರು ಅಂದರೆ ತಪ್ಪಾ?

ನಮ್ಮ ಹಳೇ ಶಾಲಾ ಪುಸ್ತಕಗಳಲ್ಲಿ "ನೀಗ್ರೋ" ಅಂತಲೇ ಇತ್ತು. ಆ ಕಾಲಕ್ಕೆ ಅಲ್ಲಿನ ಕಪ್ಪು ಜನರೇ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಿದ್ದರು. ಈಗ ಆ ಪದ ಉಳಿದಿರೋದು ಹಳೇ ಸಂಸ್ಥೆಗಳ ಹೆಸರಲ್ಲಿ ಮಾತ್ರ, ಉದಾಹರಣೆಗೆ ಹಿಂದೆ ಕಪ್ಪು ಆಟಗಾರರಿಗಾಗಿ ಇದ್ದ ನೀಗ್ರೋ ನ್ಯಾಷನಲ್ ಲೀಗ್ ಅನ್ನೋ ಬೇಸ್‌ಬಾಲ್ ಕೂಟ. "ಕರಿಯ" ಅನ್ನೋದು ನಮ್ಮಲ್ಲೇ ಬೈಗುಳದ ಹಾಗೆ ಬಳಕೆಯಾಗುತ್ತದೆ, ಬೇಡ. "ಕಪ್ಪು ಜನ" ಅಂದರೆ ಸಾಕು. ಆಫ್ರಿಕನ್ ಅಮೆರಿಕನ್ ಅಂದರೂ ನಡೆಯುತ್ತದೆ.

"ಇದನ್ನು ಮಾಡಿದ ಮೊಟ್ಟಮೊದಲ ಕಪ್ಪು ವ್ಯಕ್ತಿ" ಅಂತ ಯಾವಾಗಲೂ ಹೇಳ್ತಾರಲ್ಲ, ಅದರಲ್ಲಿ ಏನಂಥಾ ದೊಡ್ಡದು?

ಒಳ್ಳೇ ಪ್ರಶ್ನೆ. ಬಾಗಿಲು ಎಷ್ಟು ವರ್ಷ ಮುಚ್ಚಿತ್ತು ಅನ್ನೋದನ್ನು ಆ "ಮೊದಲು" ಹೇಳುತ್ತದೆ. ಒಳಗೆ ಹೋದವರು ಎಲ್ಲಿ ಕೂತರು ಅಂತ ಹೇಳುವುದಿಲ್ಲ.

ಹ್ಯಾಟಿ ಮೆಕ್‌ಡೇನಿಯಲ್ ಅವರನ್ನೇ ನೋಡಿ. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ, 1940ರಲ್ಲಿ, ಮನೆಗೆಲಸದವಳ ಪಾತ್ರಕ್ಕೆ. ಸಮಾರಂಭ ನಡೆದದ್ದು ಲಾಸ್ ಏಂಜಲೀಸ್‌ನ ಒಂದು ದೊಡ್ಡ ಹೋಟೆಲಿನಲ್ಲಿ. ಆ ಹೋಟೆಲಿಗೆ ಕಪ್ಪು ಜನರಿಗೆ ಪ್ರವೇಶ ಇರಲಿಲ್ಲ. ಇವರನ್ನು ಒಳಗೆ ಬಿಡಿಸಲು ನಿರ್ಮಾಪಕರು ವಿಶೇಷ ಅನುಮತಿ ಕೇಳಬೇಕಾಯಿತು. ಅಷ್ಟಾದರೂ ಜೊತೆಯ ಕಲಾವಿದರ ಟೇಬಲ್‌ನಲ್ಲಿ ಇವರಿಗೆ ಜಾಗ ಇರಲಿಲ್ಲ. ಗೋಡೆ ಬದಿಯ ಪುಟ್ಟ ಟೇಬಲ್ ಹಾಕಿಕೊಟ್ಟರು. ಅಲ್ಲಿಂದ ಎದ್ದು ಹೋಗಿ ಪ್ರಶಸ್ತಿ ತಗೊಂಡು, ಮತ್ತೆ ಅದೇ ಟೇಬಲ್‌ಗೆ ಬಂದು ಕೂತರು. ಮುಖ್ಯ ನಟಿ ಪ್ರಶಸ್ತಿ ಕಪ್ಪು ಹೆಣ್ಣುಮಗಳೊಬ್ಬಳಿಗೆ ಸಿಕ್ಕಿದ್ದು 2002ರಲ್ಲಿ, ಹ್ಯಾಲಿ ಬೆರಿಗೆ. ನಡುವೆ 62 ವರ್ಷ.

## ಆಟದ ಅಂಗಳ

ಒಂದು ದಿನ ಬೇಸ್‌ಬಾಲ್ ಆಟಗಾರರೆಲ್ಲ 42 ನಂಬರ್ ಹಾಕ್ಕೊಂಡು ಆಡ್ತಾರಂತೆ. ಯಾಕೆ?

ಅದು ಏಪ್ರಿಲ್ 15. 1947ರ ಆ ದಿನ ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಲ್ಲಿ ಜಾಕಿ ರಾಬಿನ್ಸನ್ ಡಾಡ್ಜರ್ಸ್ ತಂಡದ ಪರ ಫಸ್ಟ್ ಬೇಸ್‌ನಲ್ಲಿ ನಿಂತರು. ವಯಸ್ಸು 28. ಅವತ್ತು ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ತಲುಪೋದು) ಬರಲಿಲ್ಲ, ಒಂದು ರನ್ ಬಂತು. ಲೆಕ್ಕಕ್ಕೆ ಸಾಧಾರಣ ದಿನ. ಆದರೆ 60ಕ್ಕೂ ಹೆಚ್ಚು ವರ್ಷಗಳಿಂದ ದೊಡ್ಡ ಲೀಗ್‌ಗಳಲ್ಲಿ, ಅಂದರೆ ಮೇಲ್ದರ್ಜೆಯ ಮೇಜರ್ ಲೀಗ್‌ಗಳಲ್ಲಿ, ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 1884ರಲ್ಲಿ ಟೊಲೆಡೊ ತಂಡಕ್ಕೆ ಮೋಸಸ್ ಫ್ಲೀಟ್‌ವುಡ್ ವಾಕರ್ ಆಡಿದ್ದರು, ಆಮೇಲೆ ಬಾಗಿಲು ಹಾಕಿತು. ಕಾಗದದ ಮೇಲೆ ನಿಯಮ ಅಂತ ಏನೂ ಇರಲಿಲ್ಲ. ಮಾಲೀಕರೆಲ್ಲ ಸುಮ್ನೆ ಒಳಗೊಳಗೇ ಒಪ್ಪಿಕೊಂಡಿದ್ದರು, ಅಷ್ಟೇ.

ಡಾಡ್ಜರ್ಸ್‌ನ ಮುಖ್ಯಸ್ಥ ಬ್ರಾಂಚ್ ರಿಕಿ ರಾಬಿನ್ಸನ್‌ಗೆ ಹಾಕಿದ ಷರತ್ತು ಒಂದೇ: ಯಾರು ಏನೇ ಬೈದರೂ ತಿರುಗಿ ಬೀಳಬಾರದು. ಇದು ಸುಮ್ಮನಿರುವ ಜಾತಿಯ ಮನುಷ್ಯನಿಗೆ ಹಾಕಿದ ಷರತ್ತಲ್ಲ. 1944ರಲ್ಲಿ ಸೈನ್ಯದಲ್ಲಿದ್ದಾಗ ಬಸ್ಸಿನ ಹಿಂದಿನ ಸೀಟಿಗೆ ಹೋಗು ಅಂದರೆ ಹೋಗಲ್ಲ ಅಂತ ಕೂತು, ಸೇನಾ ನ್ಯಾಯಾಲಯದ ವಿಚಾರಣೆ ಎದುರಿಸಿ ಖುಲಾಸೆಯಾಗಿ ಬಂದವರು ಅವರು. ಅಂಥವರು ಹಲ್ಲು ಕಚ್ಚಿಕೊಂಡು ಆಡಿದರು. 1949ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಆದರು. 1997ರಲ್ಲಿ ಅವರ ಅಂಗಿಯ 42 ನಂಬರನ್ನು ಎಲ್ಲ ತಂಡಗಳೂ ನಿವೃತ್ತಿ ಮಾಡಿದವು. ಅವರ ನೆನಪಿಗೆ ಏಪ್ರಿಲ್ 15ರಂದು ಮಾತ್ರ ಎಲ್ಲರೂ ಅದನ್ನು ಹಾಕಿಕೊಳ್ಳುತ್ತಾರೆ.

ನನಗೆ ಜಾಸ್ತಿ ಮುಖ್ಯ ಅನಿಸುವ ದಿನ ಇನ್ನೊಂದು. 1972ರ ಅಕ್ಟೋಬರ್ 15, ವರ್ಲ್ಡ್ ಸೀರೀಸ್ ಅನ್ನೋ ಫೈನಲ್ ಸರಣಿಯ ಪಂದ್ಯ. 25 ವರ್ಷ ತುಂಬಿದ್ದಕ್ಕೆ ರಾಬಿನ್ಸನ್‌ರನ್ನು ಕರೆದು ಸನ್ಮಾನ ಮಾಡಿದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಧನ್ಯವಾದ ಹೇಳಿ, ಕಪ್ಪು ಮನುಷ್ಯನೊಬ್ಬ ಮ್ಯಾನೇಜರ್ (ಬೇಸ್‌ಬಾಲ್‌ನಲ್ಲಿ ತಂಡದ ಮುಖ್ಯ ಕೋಚ್) ಆಗಿ ನಿಂತಿರೋದನ್ನು ನೋಡಿದರೆ ಇನ್ನೂ ಖುಷಿಯಾಗುತ್ತೆ ಅಂದುಬಿಟ್ಟರು. ಒಂಬತ್ತು ದಿನಕ್ಕೆ ತೀರಿಕೊಂಡರು, ವಯಸ್ಸು ಬರೀ 53. ಅವರು ಕೇಳಿದ್ದು ಆದದ್ದು 1975ರಲ್ಲಿ, ಕ್ಲೀವ್‌ಲ್ಯಾಂಡ್ ತಂಡದಲ್ಲಿ. ಆ ಮ್ಯಾನೇಜರ್ ಹೆಸರೂ ರಾಬಿನ್ಸನ್ನೇ, ಫ್ರಾಂಕ್ ರಾಬಿನ್ಸನ್. ಸಂಬಂಧಿಕರಲ್ಲ.

ರಾಬಿನ್ಸನ್ ಬಂದಮೇಲೆ ಕಪ್ಪು ಜನರದ್ದೇ ಲೀಗ್ ಇತ್ತಲ್ಲ, ಅದೇನಾಯ್ತು?

ಮುಳುಗಿತು. ಈ ಕಥೆಯಲ್ಲಿ ಯಾರೂ ಹೇಳದ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1920ರಲ್ಲಿ ಕನ್ಸಾಸ್ ಸಿಟಿಯಲ್ಲಿ ರೂಬ್ ಫಾಸ್ಟರ್ ಎಂಬ ಪಿಚರ್ (ಚೆಂಡು ಎಸೆಯುವ ಆಟಗಾರ), ತಂಡದ ಮಾಲೀಕರನ್ನೆಲ್ಲ ಕೂರಿಸಿ ನೀಗ್ರೋ ನ್ಯಾಷನಲ್ ಲೀಗ್ ಶುರು ಮಾಡಿದರು. ದೊಡ್ಡ ಲೀಗ್ ನಮ್ಮನ್ನು ಸೇರಿಸಲ್ಲ ಅಂದರೆ ನಮ್ಮದನ್ನೇ ಕಟ್ಟೋಣ ಅನ್ನೋ ಲೆಕ್ಕ. ತಂಡದ ಜೊತೆ ಹೋಟೆಲು, ಟ್ಯಾಕ್ಸಿ, ಪತ್ರಿಕೆ, ಊಟದ ಅಂಗಡಿ, ಎಲ್ಲಕ್ಕೂ ವ್ಯಾಪಾರ ಆಯಿತು. 1943ರಲ್ಲಿ ಷಿಕಾಗೊದ ಕಾಮಿಸ್ಕಿ ಪಾರ್ಕ್‌ನಲ್ಲಿ ಅವರ ಆಲ್‌ಸ್ಟಾರ್ ಪಂದ್ಯಕ್ಕೆ 50 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು.

ನ್ಯೂಜೆರ್ಸಿಯ ನ್ಯೂವಾರ್ಕ್ ಈಗಲ್ಸ್ ತಂಡವನ್ನು ನಡೆಸುತ್ತಿದ್ದವರು ಎಫಾ ಮ್ಯಾನ್ಲಿ, ಗಂಡನ ಜೊತೆ. ಆಟಗಾರರ ಸಂಬಳ, ಬಸ್ಸಿನ ರಿಪೇರಿ, ಪಂದ್ಯದ ಪಟ್ಟಿ, ಎಲ್ಲ ಈ ಹೆಂಗಸಿನ ಕೈಯಲ್ಲಿ. 1946ರಲ್ಲಿ ಈಗಲ್ಸ್ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು. ಆದರೆ ರಿಕಿ ಇವರ ಪಿಚರ್ ಡಾನ್ ನ್ಯೂಕಂಬ್‌ನನ್ನು ಒಂದು ಪೈಸೆ ಕೊಡದೆ ಕರೆದುಕೊಂಡು ಹೋದರು. ರಾಬಿನ್ಸನ್‌ಗೂ ಅಷ್ಟೇ, ಹಳೇ ತಂಡ ಕನ್ಸಾಸ್ ಸಿಟಿ ಮಾನಾರ್ಕ್ಸ್‌ಗೆ ಚಿಕ್ಕಾಸೂ ಸಿಗಲಿಲ್ಲ. 1947ರ ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡ್‌ನ ಮಾಲೀಕ ಬಿಲ್ ವೀಕ್ ಇವರ ಲ್ಯಾರಿ ಡೋಬಿಯನ್ನು ಕೇಳಿದಾಗ ಮ್ಯಾನ್ಲಿ ಸುಮ್ಮನೆ ಬಿಟ್ಟುಕೊಡಲಿಲ್ಲ. ಇವನು ಬಿಳಿಯ ಆಗಿದ್ದರೆ ನೀವು ಲಕ್ಷ ಡಾಲರ್ ಕೊಡ್ತಿದ್ರಿ ಅಂತ ಮುಖಕ್ಕೇ ಹೇಳಿ ಚೌಕಾಸಿ ಮಾಡಿದರು. ಸಿಕ್ಕಿದ್ದು 15 ಸಾವಿರ. ಕಪ್ಪು ಜನ ತಮ್ಮ ಹೀರೊಗಳನ್ನು ನೋಡಲು ಬ್ರೂಕ್ಲಿನ್‌ಗೂ ಕ್ಲೀವ್‌ಲ್ಯಾಂಡ್‌ಗೂ ಹೋದರು, ಈಗಲ್ಸ್‌ನ ಗ್ಯಾಲರಿ ಖಾಲಿ ಆಯಿತು. 1948ರಲ್ಲಿ ಮ್ಯಾನ್ಲಿ ತಂಡ ಮಾರಿದರು. ಅದೇ ವರ್ಷ ಈಗಲ್ಸ್ ಆಡುತ್ತಿದ್ದ ಲೀಗ್ ಕೂಡ ನಿಂತಿತು.

ಆಟಗಾರರನ್ನು ಒಳಗೆ ಬಿಟ್ಟರು. ಮಾಲೀಕರನ್ನು, ಮ್ಯಾನೇಜರ್‌ಗಳನ್ನು, ಅಂಪೈರ್‌ಗಳನ್ನು ಬಿಡಲಿಲ್ಲ. 2006ರಲ್ಲಿ ಮ್ಯಾನ್ಲಿ ಹೆಸರು ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ, ಅಂದರೆ ಆಟದ ದೊಡ್ಡವರ ಗೌರವ ಪಟ್ಟಿಗೆ, ಸೇರಿತು. ಅಲ್ಲಿರುವ ಒಬ್ಬಳೇ ಹೆಂಗಸು ಅವರು.

2024ರಲ್ಲಿ ಹಳೇ ದಾಖಲೆ ಪುಸ್ತಕವನ್ನೇ ತಿದ್ದಿದರಂತೆ. ಅದು ಸರಿನಾ?

ತಿದ್ದಿದ್ದು ಅನ್ನೋದಕ್ಕಿಂತ, ಬಿಟ್ಟಿದ್ದ ಹಾಳೆ ಸೇರಿಸಿದರು. 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳ ಅಂಕಿಗಳನ್ನು ದೊಡ್ಡ ಲೀಗ್ ತನ್ನ ಅಧಿಕೃತ ಲೆಕ್ಕಕ್ಕೆ ಸೇರಿಸಿತು. 2,300ಕ್ಕೂ ಹೆಚ್ಚು ಆಟಗಾರರ ಹೆಸರು ಬಂತು. ಜಾಶ್ ಗಿಬ್ಸನ್ ಅವರ ಬ್ಯಾಟಿಂಗ್ ಸರಾಸರಿ .372, ಟೈ ಕಾಬ್ ಅವರದ್ದು .367. ನಮ್ಮ ಕ್ರಿಕೆಟ್ ಸರಾಸರಿಯ ಲೆಕ್ಕವಲ್ಲ ಇದು. ಸಾವಿರ ಸಲ ಬ್ಯಾಟ್ ಹಿಡಿದರೆ 372 ಸಲ ಹಿಟ್ ಅಂತ ಅರ್ಥ.

ಆ ಲೀಗ್‌ಗಳ ಸೀಸನ್ ಚಿಕ್ಕದಿತ್ತು, ಹೋಲಿಕೆ ಸರಿಯಲ್ಲ ಅನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಆದರೆ ಸೀಸನ್ ಚಿಕ್ಕದಿದ್ದದ್ದು ಯಾಕೆ? ಹೊಟ್ಟೆಪಾಡಿಗೆ ಉಳಿದ ದಿನ ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡಬೇಕಿತ್ತು, ಆ ರನ್ ಲೆಕ್ಕಕ್ಕೆ ಬಂದಿಲ್ಲ. ಗಿಬ್ಸನ್ ತೀರಿಕೊಂಡಿದ್ದು 1947ರ ಜನವರಿಯಲ್ಲಿ, 35ನೇ ವಯಸ್ಸಿಗೆ. ರಾಬಿನ್ಸನ್ ಅಂಗಳಕ್ಕೆ ಇಳಿಯಲು ಇನ್ನು ಮೂರು ತಿಂಗಳು ಇತ್ತು.

ಕೋಟಿ ಕೋಟಿ ಸಂಬಳ ತಗೊಳ್ಳೋ ಆಟಗಾರ "ಅನ್ಯಾಯ" ಅಂದರೆ ನಂಬೋದು ಹೇಗೆ?

ಆ ಕೋಟಿ ಬಂದದ್ದು ಹೇಗೆ ಅಂತ ನೋಡಿ. ಆಗೆಲ್ಲ ಬೇಸ್‌ಬಾಲ್ ತಂಡಕ್ಕೆ ಒಮ್ಮೆ ಸಹಿ ಹಾಕಿದರೆ ಮುಗಿಯಿತು, ಇಟ್ಟುಕೊಳ್ಳೋದು ಮಾರೋದು ಮಾಲೀಕರ ಇಷ್ಟ. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರರನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟಿತು. ಅವರಿಗೆ ಆಗ ವರ್ಷಕ್ಕೆ 90 ಸಾವಿರ ಡಾಲರ್ ಸಂಬಳ, ದೊಡ್ಡ ಮೊತ್ತವೇ. ಆದರೂ ಅವರು ಲೀಗ್‌ನ ಕಮಿಷನರ್‌ಗೆ ಪತ್ರ ಬರೆದು, ನಾನು ಕೊಂಡು ಮಾರುವ ಸಾಮಾನಲ್ಲ ಅಂದರು. ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-3ರಲ್ಲಿ ಸೋತರು. ಆಟವೂ ಮುಗಿದಿತ್ತು, ದುಡ್ಡೂ ಹೋಗಿತ್ತು. ಆದರೆ ವಿಷಯ ಬಾಯಿಗೆ ಬಿದ್ದಿತ್ತು. 1975ರ ಕೊನೆಯಲ್ಲಿ ಇನ್ನಿಬ್ಬರು ಆಟಗಾರರ ಕೇಸಿನಲ್ಲಿ ಆ ಪದ್ಧತಿ ಬಿತ್ತು. ಅವರಿಬ್ಬರೂ ಬಿಳಿಯರು. ಇವತ್ತು ಕೋಟಿ ಎಣಿಸುವ ಆಟಗಾರರೆಲ್ಲ, ಯಾವ ಬಣ್ಣದವರೇ ಇರಲಿ, ಫ್ಲಡ್‌ಗೆ ಋಣಿಗಳು.

ರೂನಿ ರೂಲ್ ಅಂದರೇನು? ಅದರಿಂದ ಉಪಯೋಗ ಆಯ್ತಾ?

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಆಟಗಾರರು ಕಪ್ಪು ಜನ. ಹೆಡ್ ಕೋಚ್‌ಗಳು ಬೆರಳೆಣಿಕೆ. 2003ರಲ್ಲಿ ಪಿಟ್ಸ್‌ಬರ್ಗ್ ತಂಡದ ಡ್ಯಾನ್ ರೂನಿ ಮುಂದಾಳತ್ವದಲ್ಲಿ ಒಂದು ನಿಯಮ ಬಂತು: ಕೋಚ್ ಹುಡುಕುವಾಗ ಒಬ್ಬರಾದರೂ ಅಲ್ಪಸಂಖ್ಯಾತ ಅಭ್ಯರ್ಥಿಯನ್ನು ಸಂದರ್ಶನ ಮಾಡಲೇಬೇಕು. ಕೆಲಸ ಕೊಡಲೇಬೇಕು ಅಂತಲ್ಲ, ಕರೆದು ಮಾತಾಡಿಸಬೇಕು. ಶುರುವಿನಲ್ಲಿ ಸ್ವಲ್ಪ ಫಲ ಕೊಟ್ಟಿತು. 2007ರ ಫೈನಲ್ ಪಂದ್ಯ ಸೂಪರ್ ಬೌಲ್‌ನಲ್ಲಿ ಎರಡೂ ಕಡೆ ಕಪ್ಪು ಕೋಚ್‌ಗಳಿದ್ದರು, ಟೋನಿ ಡಂಜಿ ಗೆದ್ದರು.

ಆಮೇಲೆ ಅದು ಶಾಸ್ತ್ರಕ್ಕೆ ಕರೆಯೋದಾಯಿತು ಅನ್ನೋ ದೂರು ಬಂತು. 2022ರಲ್ಲಿ ಬ್ರಯಾನ್ ಫ್ಲೋರಸ್ ಎಂಬ ಕೋಚ್ ಲೀಗ್ ಮೇಲೆ ದಾವೆ ಹಾಕಿದರು. ದಾವೆಯಲ್ಲಿ ಹೇಳಿರುವಂತೆ, ಸಂದರ್ಶನಕ್ಕೆ ಮೂರು ದಿನ ಮುಂಚೆಯೇ ಅವರ ಫೋನಿಗೆ ಅಭಿನಂದನೆಯ ಮೆಸೇಜ್ ಬಂತು. ಕಳಿಸಿದವರು ಇನ್ನೊಬ್ಬ ಬ್ರಯಾನ್ ಅಂದುಕೊಂಡು ತಪ್ಪಿ ಕಳಿಸಿದ್ದರು. ಕೆಲಸ ಆ ಇನ್ನೊಬ್ಬರಿಗೆ ಸಿಕ್ಕಿತು. ಮಾಲೀಕತ್ವದ ವಿಷಯಕ್ಕೆ ಬಂದರೆ, 32 ತಂಡಗಳಲ್ಲಿ ಒಂದಕ್ಕೂ ಕಪ್ಪು ಜನರು ಮುಖ್ಯ ಮಾಲೀಕರಲ್ಲ. ಬಿಳಿಯರಲ್ಲದ ಮಾಲೀಕರೇ ಇಲ್ಲ ಅಂತಲ್ಲ, ಲಾಹೋರ್‌ನಲ್ಲಿ ಹುಟ್ಟಿದ ಶಾಹಿದ್ ಖಾನ್ 2012ರಲ್ಲಿ ಜ್ಯಾಕ್ಸನ್‌ವಿಲ್ ತಂಡ ಕೊಂಡರು.

## ಪೇಪರು, ಹಾಡು, ದುಡ್ಡು

ಆಗೆಲ್ಲ ಅವರ ಸುದ್ದಿ ಯಾರು ಬರೀತಿದ್ರು?

ಅವರೇ. ರಾಬರ್ಟ್ ಅಬ್ಬಟ್ 1905ರಲ್ಲಿ ಷಿಕಾಗೊದಲ್ಲಿ 25 ಸೆಂಟ್ಸ್ ಬಂಡವಾಳ ಹಾಕಿ, ಬಾಡಿಗೆ ಮನೆಯಲ್ಲಿ ಕೂತು ಷಿಕಾಗೊ ಡಿಫೆಂಡರ್ ಶುರು ಮಾಡಿದರು. ದಕ್ಷಿಣದ ಎಷ್ಟೋ ಊರುಗಳಲ್ಲಿ ಆ ಪೇಪರ್ ಮಾರಲು ಬಿಡುತ್ತಿರಲಿಲ್ಲ. ರೈಲಿನ ಪುಲ್‌ಮನ್ ಬೋಗಿಗಳಲ್ಲಿ ಹಾಸಿಗೆ ಹಾಸುವ ಕಪ್ಪು ಪೋರ್ಟರ್‌ಗಳು ಕಟ್ಟು ಕಟ್ಟಾಗಿ ಒಯ್ದು ಗುಟ್ಟಾಗಿ ಹಂಚುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಒಬ್ಬರು ಓದಿದರೆ ಹತ್ತು ಜನ ಕೇಳೋರು. ಉತ್ತರದಲ್ಲಿ ಕೆಲಸ ಇದೆ ಬನ್ನಿ ಅಂತ ಆ ಪೇಪರ್ ಬರೆದದ್ದನ್ನು ನಂಬಿ ಗಂಟುಮೂಟೆ ಕಟ್ಟಿದವರು ಲೆಕ್ಕವಿಲ್ಲದಷ್ಟು.

ರಾಬಿನ್ಸನ್ ಹೆಸರನ್ನು ರಿಕಿಗೆ ಸೂಚಿಸಿದವರಲ್ಲಿ ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಯ ವೆಂಡೆಲ್ ಸ್ಮಿತ್ ಒಬ್ಬರು. ರಾಬಿನ್ಸನ್ ಜೊತೆ ಊರೂರು ಸುತ್ತಿದರು. ಪತ್ರಕರ್ತರ ಕಟ್ಟೆಗೆ ಅವರನ್ನು ಬಿಡದ ಕಡೆ, ಪ್ರೇಕ್ಷಕರ ನಡುವೆ ಕೂತು ಟೈಪ್‌ರೈಟರನ್ನು ತೊಡೆ ಮೇಲೆ ಇಟ್ಟುಕೊಂಡು ವರದಿ ಕುಟ್ಟಿದರು.

ಕೂದಲಿಗೆ ಹಚ್ಚೋದು ಮಾರಿ ಒಬ್ಬ ಹೆಂಗಸು ಮಿಲಿಯನೇರ್ ಆದಳಂತೆ, ನಿಜಾನಾ?

ಮುಕ್ಕಾಲು ಪಾಲು ನಿಜ. ಮೇಡಂ ಸಿ. ಜೆ. ವಾಕರ್, ಹುಟ್ಟಿದ ಹೆಸರು ಸಾರಾ ಬ್ರೀಡ್‌ಲವ್, ಹುಟ್ಟಿದ್ದು 1867ರಲ್ಲಿ ಲೂಸಿಯಾನಾದಲ್ಲಿ. ಅಪ್ಪ ಅಮ್ಮ ಗುಲಾಮರಾಗಿದ್ದವರು. ವರ್ಷಗಟ್ಟಲೆ ಬೇರೆಯವರ ಬಟ್ಟೆ ಒಗೆದರು. ಮೊದಲು ಆನಿ ಟರ್ನ್‌ಬೋ ಮಲೋನ್ ಎಂಬ ಇನ್ನೊಬ್ಬ ಕಪ್ಪು ಉದ್ಯಮಿಯ ಮಾಲು ಮಾರಿ, ಆಮೇಲೆ ತಮ್ಮದೇ ಶುರು ಮಾಡಿ, 1910ರಲ್ಲಿ ಇಂಡಿಯಾನಾಪೊಲಿಸ್‌ಗೆ ಹೋಗಿ ಕಾರ್ಖಾನೆ ಕಟ್ಟಿದರು. 1919ರಲ್ಲಿ ತೀರಿಕೊಂಡಾಗ ಆಸ್ತಿ ಸುಮಾರು ಆರು ಲಕ್ಷ ಡಾಲರ್ ಅಂತ ಲೆಕ್ಕ. ಮಿಲಿಯನ್‌ಗೆ ಕಮ್ಮಿ, ಆ ಕಾಲಕ್ಕೆ ಭಾರೀ. ಇದಕ್ಕಿಂತ ದೊಡ್ಡದು ಅವರ ಏಜೆಂಟರ ಸೈನ್ಯ. ಬಿಳಿಯರ ಮನೆಯ ಅಡುಗೆ, ಬಟ್ಟೆ ಬಿಟ್ಟು ಸಾವಿರಾರು ಹೆಂಗಸರು ಸ್ವಂತ ದುಡಿಮೆ ಕಂಡರು.

ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಕೊನೆಗೆ ಮಾರಿಬಿಡ್ತಾರಲ್ಲ, ಯಾಕೆ?

ಮೋಟೌನ್ ಅನ್ನೋ ಹಾಡಿನ ಕಂಪನಿಯ ಲೆಕ್ಕ ನೋಡಿ. ಡೆಟ್ರಾಯ್ಟ್‌ನ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರಿ ಗಾರ್ಡಿ 1959ರಲ್ಲಿ ಮನೆಯವರ ಚೀಟಿ ದುಡ್ಡಿನಲ್ಲಿ 800 ಡಾಲರ್ ಸಾಲ ಎತ್ತಿ ರೆಕಾರ್ಡ್ ಕಂಪನಿ ಶುರು ಮಾಡಿದರು. ಚೀಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಚೀಟಿನೇ, ಮನೆಮಂದಿ ಎಲ್ಲ ಕೂಡಿ ಹಾಕಿದ್ದು. ಹೊಸ ಹಾಡು ಬಂದರೆ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ: ಜೇಬಲ್ಲಿ ಒಂದೇ ಡಾಲರ್ ಇದ್ದರೆ ಈ ರೆಕಾರ್ಡ್ ಕೊಳ್ಳುತ್ತೀರೋ, ಸ್ಯಾಂಡ್‌ವಿಚ್ ತಿನ್ನುತ್ತೀರೋ? ಬಿಳಿಯರ ಅಂಗಡಿಯಲ್ಲೂ ಮಾರಾಟ ಆಗಲಿ ಅಂತ ಕೆಲವು ಆಲ್ಬಂ ಕವರ್‌ಗಳ ಮೇಲೆ ಹಾಡಿದವರ ಮುಖವನ್ನೇ ಹಾಕಲಿಲ್ಲ. 1966ರ ಐಸ್ಲಿ ಬ್ರದರ್ಸ್ ಆಲ್ಬಂ ಒಂದರ ಮೇಲೆ ಸಮುದ್ರ ದಂಡೆಯಲ್ಲಿ ಕೂತ ಬಿಳಿ ಜೋಡಿ ಇದೆ.

1988ರಲ್ಲಿ ಗಾರ್ಡಿ ಕಂಪನಿಯನ್ನು 6.1 ಕೋಟಿ ಡಾಲರ್‌ಗೆ ಮಾರಿದರು. ಐದು ವರ್ಷಕ್ಕೆ ಅದು 30 ಕೋಟಿಗೂ ಮೇಲೆ ಕೈ ಬದಲಾಯಿಸಿತು. ಗಾರ್ಡಿ ಮೋಸ ಹೋದರು ಅನ್ನಬೇಡಿ. ಹಾಡುಗಳ ಪ್ರಕಾಶನದ ಹಕ್ಕನ್ನು ಅವರು ಮಾರಿರಲಿಲ್ಲ. 1997ರಲ್ಲಿ ಅದರ ಅರ್ಧ ಪಾಲು ಮಾತ್ರ ಮಾರಿದರು, 13.2 ಕೋಟಿ ಡಾಲರ್‌ಗೆ.

ಮಾರಲು ಕಾರಣ ಸರಳ. ವಿತರಣೆ, ಜಾಹೀರಾತು, ಬ್ಯಾಂಕ್ ಸಾಲ, ಮೂರೂ ಬೇರೆಯವರ ಕೈಯಲ್ಲಿ. ಎಬನಿ, ಜೆಟ್ ಪತ್ರಿಕೆಗಳ ಜಾನ್ ಎಚ್. ಜಾನ್ಸನ್ 1942ರಲ್ಲಿ ಅಮ್ಮನ ಮನೆ ಪೀಠೋಪಕರಣ ಅಡವಿಟ್ಟು 500 ಡಾಲರ್ ಸಾಲ ತಂದವರು. ಅವರ ಕಂಪನಿ 2019ರಲ್ಲಿ ದಿವಾಳಿ ಆಯಿತು. ಫೋಟೊ ಭಂಡಾರವನ್ನು ನಾಲ್ಕು ಪ್ರತಿಷ್ಠಾನಗಳು ಸೇರಿ 3 ಕೋಟಿ ಡಾಲರ್ ಕೊಟ್ಟು ಉಳಿಸಿದವು. ಹೊಸ ತಲೆಮಾರು ಹುಷಾರಾಗಿದೆ. ನಿರ್ದೇಶಕ ರಯಾನ್ ಕೂಗ್ಲರ್ 2025ರ ತಮ್ಮ ಚಿತ್ರದ ಹಕ್ಕು 25 ವರ್ಷಕ್ಕೆ ತಮಗೇ ವಾಪಸ್ ಬರುವಂತೆ ಸ್ಟುಡಿಯೊ ಜೊತೆ ಬರೆಸಿಕೊಂಡರು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಇದೆಲ್ಲ ನಮ್ಮ ಮೀಸಲಾತಿ ಥರಾನೇ ಅಲ್ವಾ?

ನೋವಿನಲ್ಲಿ ಹೋಲಿಕೆ ಇದೆ, ಕಾನೂನಿನಲ್ಲಿ ಇಲ್ಲ. 1946ರಲ್ಲಿ ಅಂಬೇಡ್ಕರ್ ಅವರೇ ಕಪ್ಪು ಚಿಂತಕ ಡು ಬೊಯಿಸ್‌ಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿದ್ದರು. ಅವರ ಕಣ್ಣಿಗೆ ಆ ಹೋಲಿಕೆ ಕಂಡಿತ್ತು. ಆದರೆ ನಮ್ಮದು ಸಂವಿಧಾನದಲ್ಲಿ ಬೇರೂರಿದ, ಇಂತಿಷ್ಟು ಶೇಕಡಾ ಅಂತ ಇರುವ ವ್ಯವಸ್ಥೆ. ಅಲ್ಲಿ ಅಂಥ ಕೋಟಾವನ್ನು ಕಾಲೇಜು ಪ್ರವೇಶದಲ್ಲಿ 1978ರಲ್ಲೇ ಸುಪ್ರೀಂ ಕೋರ್ಟ್ ಬೇಡ ಅಂದಿತು. ಹಲವು ಅಂಶಗಳಲ್ಲಿ ಬಣ್ಣವೂ ಒಂದು ಅಂತ ನೋಡಲು ಅವಕಾಶ ಇತ್ತು. 2023ರ ಜೂನ್‌ನಲ್ಲಿ ಹಾರ್ವರ್ಡ್ ಕೇಸಿನಲ್ಲಿ ಅದೂ ಹೋಯಿತು.

ನಮ್ಮ ನಾದೆಲ್ಲಾ (ಮೈಕ್ರೋಸಾಫ್ಟ್), ನೂಯಿ (ಪೆಪ್ಸಿಕೊ) ಎಲ್ಲ ಮೇಲೆ ಬಂದರಲ್ಲ. ಅವರಿಗೆ ಯಾಕೆ ಆಗಲ್ಲ?

ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು, ಅದೂ ಅಮೆರಿಕದಲ್ಲಿರುವ ಕನ್ನಡಿಗರಿಂದಲೇ. ಉತ್ತರ ಕೊಡುವ ಮುಂಚೆ ಒಂದು ಮಾತು ಕೇಳುತ್ತೇನೆ: ನೀವು ಆ ದೇಶಕ್ಕೆ ಬಂದದ್ದು ಯಾವ ಕಾನೂನಿನಿಂದ?

1924ರ ಕಾನೂನು ಏಷ್ಯಾದವರ ವಲಸೆಗೆ ಬಾಗಿಲು ಹಾಕಿತ್ತು. 1946ರಲ್ಲಿ ಭಾರತಕ್ಕೆ ವರ್ಷಕ್ಕೆ 100 ಜನ ಅಂತ ಕಿಂಡಿ ತೆರೆದರು. ನಿಜವಾಗಿ ಬಾಗಿಲು ತೆಗೆದದ್ದು 1965ರ ಅಕ್ಟೋಬರ್ 3ರಂದು ಸಹಿಯಾದ ಕಾಯ್ದೆ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ ಬಂದಿತ್ತು. ಜನರನ್ನು ಮೂಲ ನೋಡಿ ತೂಗಬಾರದು ಅನ್ನೋ ಗಾಳಿ ಎಬ್ಬಿಸಿದವರು ಬೀದಿಗಿಳಿದು ಪೊಲೀಸರ ನಾಯಿ, ನೀರಿನ ಪೈಪು, ಜೈಲು ಎದುರಿಸಿದ ಕಪ್ಪು ಜನ. ಆ ಕಾಯ್ದೆ ಡಾಕ್ಟರು, ಎಂಜಿನಿಯರುಗಳನ್ನು ಆರಿಸಿ ಒಳಗೆ ಬಿಟ್ಟಿತು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಮುಗಿಸಿ 1988ರಲ್ಲಿ ಅಲ್ಲಿಗೆ ಹೋದ ಸತ್ಯ ನಾದೆಲ್ಲಾ ಕೂಡ ಆ ಬಾಗಿಲಿನಿಂದಲೇ ಹೋದದ್ದು. ಅವರ ಪ್ರತಿಭೆ ಸುಳ್ಳಲ್ಲ. ಆದರೆ ಜರಡಿ ಹಿಡಿದು ತೆಗೆದ ಕಾಳನ್ನೂ, ತಲೆಮಾರುಗಟ್ಟಲೆ ಸಾಲ, ಮನೆ, ಶಾಲೆ ಸಿಗದೇ ಹೋದ ಒಂದು ಇಡೀ ಸಮುದಾಯವನ್ನೂ ಒಂದೇ ತಕ್ಕಡಿಗೆ ಹಾಕೋದು ಯಾವ ಲೆಕ್ಕ?

ಅಲ್ಲದೆ "ಆಗಲ್ಲ" ಅನ್ನೋದೇ ತಪ್ಪು. ಉರ್ಸುಲಾ ಬರ್ನ್ಸ್ ನ್ಯೂಯಾರ್ಕ್‌ನ ಬಡವರ ವಸತಿಯಲ್ಲಿ ಬೆಳೆದವರು. ಅಮ್ಮ ಮಕ್ಕಳನ್ನು ನೋಡಿಕೊಂಡು, ಬಟ್ಟೆ ಇಸ್ತ್ರಿ ಮಾಡಿ ಸಾಕಿದರು. 1980ರಲ್ಲಿ ಜೆರಾಕ್ಸ್‌ಗೆ ಇಂಟರ್ನ್ ಆಗಿ ಸೇರಿ 2009ರಲ್ಲಿ ಅದರ ಸಿಇಒ ಆದರು.

ಈಗ ಟ್ರಂಪ್ ಬಂದಮೇಲೆ ಡೈವರ್ಸಿಟಿ ಎಲ್ಲ ತೆಗೆದುಬಿಟ್ಟರಂತೆ?

2025ರ ಜನವರಿಯಲ್ಲಿ ಸರ್ಕಾರಿ ಇಲಾಖೆಗಳ ಡಿಇಐ (ಡೈವರ್ಸಿಟಿ, ಸಮಾನ ಅವಕಾಶ, ಎಲ್ಲರನ್ನೂ ಒಳಗೊಳ್ಳುವುದು) ಕಾರ್ಯಕ್ರಮ ನಿಲ್ಲಿಸಲು ಆದೇಶ ಬಂತು. ಎಷ್ಟೋ ಕಂಪನಿಗಳೂ ಆ ಪದ ಬಳಸೋದು ಬಿಟ್ಟವು. ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆ ತನ್ನ ಸೈಟಿನಿಂದ ತೆಗೆದ ಪುಟಗಳಲ್ಲಿ ಜಾಕಿ ರಾಬಿನ್ಸನ್ ಅವರ ಸೈನ್ಯದ ದಿನಗಳ ಪುಟವೂ ಇತ್ತು. ಗಲಾಟೆ ಆದಮೇಲೆ ವಾಪಸ್ ಹಾಕಿದರು.

ಅಮೆರಿಕಕ್ಕೆ ಮಗನ ಮನೆಗೆ ಹೋಗ್ತಿದ್ದೀವಿ. ಇದನ್ನೆಲ್ಲ ನೋಡೋಕೆ ಎಲ್ಲಿಗೆ ಹೋಗಬೇಕು?

ವಾಷಿಂಗ್ಟನ್‌ಗೆ ಹೋದರೆ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂ ಇದೆ, ಟಿಕೆಟ್‌ಗೆ ದುಡ್ಡಿಲ್ಲ, ಇಡೀ ದಿನ ಬೇಕು. ಡೆಟ್ರಾಯ್ಟ್ ಕಡೆ ಮಗ ಇದ್ದರೆ ಗಾರ್ಡಿಯ ಹಳೇ ಮನೆಯೇ ಈಗ ಮೋಟೌನ್ ಮ್ಯೂಸಿಯಂ. ನನ್ನ ಕೇಳಿದರೆ ಕನ್ಸಾಸ್ ಸಿಟಿಯ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂಗೆ ಹೋಗಿ, ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಒಳಗೆ ಕಾಲಿಟ್ಟ ಕೂಡಲೇ ತಂತಿ ಬಲೆಯ ಆಚೆ ಒಂದು ಪುಟ್ಟ ಅಂಗಳ ಕಾಣುತ್ತದೆ. ಹಳೇ ಆಟಗಾರರ ಕಂಚಿನ ಪ್ರತಿಮೆಗಳು ತಮ್ಮ ತಮ್ಮ ಜಾಗದಲ್ಲಿ ನಿಂತಿವೆ. ನೋಡಬಹುದು, ಒಳಗೆ ಹೋಗಲು ಆಗಲ್ಲ. ಫೋಟೊ, ಪತ್ರ, ಹರಿದ ಕೈಗವಸು ಎಲ್ಲ ದಾಟಿ ಇಡೀ ಸುತ್ತು ಮುಗಿಸಿದ ಮೇಲೇ ಅಂಗಳಕ್ಕೆ ಇಳಿಯುವ ದಾರಿ ಸಿಗೋದು.